ಅವ್ವ ಕೂತಾಗ ಲಾಕ್ ಆಗುವ ಗಾಡಿ

ನನ್ನ ಅಂಗಡಿಗೆ ಬರುವವರಲ್ಲಿ ಮುಕ್ಕಾಲು ಪಾಲು ಜನ ರೋಗ ಹೇಳುವ ಮೊದಲೇ ಔಷಧಿ ಹೇಳುತ್ತಾರೆ. 'ಬ್ಯಾಟ್ರಿ ಚೇಂಜ್ ಮಾಡ್ಬುಡಿ ಸಾ' ಅನ್ನುತ್ತಾರೆ, 'ಸೆನ್ಸಾರ್ ಓಗದೆ ಅನ್ಸತ್ತೆ' ಅನ್ನುತ್ತಾರೆ. ಹಾಸನದಲ್ಲಿ ಕಾರುಗಳ ಎಲೆಕ್ಟ್ರಿಕ್ ಕೆಲಸ ಮಾಡಿಕೊಂಡೇ ತಲೆ ಬೆಳ್ಳಗಾದ ನನಗೆ ಇದನ್ನು ಕೇಳಿದರೆ ಮೈ ಉರಿಯುತ್ತದೆ. ಅಷ್ಟೆಲ್ಲ ಗೊತ್ತಿದ್ದರೆ ಇಲ್ಲಿಗೇಕೆ ಬಂದಿರಿ ಎಂದು ಮುಖಕ್ಕೇ ಕೇಳಿಬಿಡುತ್ತೇನೆ. ಕೆಲಸ ಚೆನ್ನಾಗಿ ಮಾಡುತ್ತಾನೆ, ಬಾಯಿ ಸರಿಯಿಲ್ಲ ಎಂದು ಗಿರಾಕಿಗಳು ನನ್ನ ಬಗ್ಗೆ ಹೇಳುವುದುಂಟು. ಎರಡೂ ನಿಜ.

ಆ ಬೇಸಿಗೆಯಲ್ಲಿ ಬಂದ ಮನುಷ್ಯ ಮಾತ್ರ ಯಾವ ಔಷಧಿಯನ್ನೂ ಹೇಳಲಿಲ್ಲ. ನಲವತ್ತು ದಾಟಿದ ರೈತ. ರಾಮನಾಥಪುರದ ಹತ್ತಿರದ ಹಳ್ಳಿಯಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದ, ಅರಕಲಗೂಡಿನಲ್ಲಿ ಒಂದು ಗೊಬ್ಬರದ ಅಂಗಡಿಯನ್ನೂ ಇಟ್ಟಿದ್ದ. ಬಿಳಿ ಕಾರನ್ನು ಅಂಗಡಿಯ ಮುಂದೆ ನಿಲ್ಲಿಸಿ ಇಳಿದ. ಹಿಂದಿನ ಬಾಗಿಲಿನ ಗಾಜು ಇರಲಿಲ್ಲ, ಅಲ್ಲಿಗೆ ರಟ್ಟು ಇಟ್ಟು ಟೇಪು ಸುತ್ತಿತ್ತು. ಕೂರಿ ಎಂದರೂ ಕೂರಲಿಲ್ಲ.

"ಗಾಡಿ ಅದ್ರಷ್ಟಕ್ಕೆ ಅದೇ ಲಾಕ್ ಆಯ್ತದೆ ಸಾ," ಎಂದ. "ಅವ್ವ ಒಳಗಿದ್ದಾಗ ಮಾತ್ರ."

ನನಗೆ ನಗು ಬಂತು. ಅವನಿಗೆ ಬರಲಿಲ್ಲ.

ಅವನ ತಾಯಿಗೆ ಎಪ್ಪತ್ತು ದಾಟಿತ್ತು. ಕಿಡ್ನಿ ಎರಡೂ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಹಾಸನಕ್ಕೆ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳಬೇಕಿತ್ತು. ಬಸ್ಸಿನಲ್ಲಿ ಆಗದ ಮಾತು ಎಂದೇ ಚನ್ನರಾಯಪಟ್ಟಣದವರೊಬ್ಬರಿಂದ ಈ ಸೆಕೆಂಡ್ ಹ್ಯಾಂಡ್ ಕಾರನ್ನು ಕೊಂಡಿದ್ದರು. ಕೀಯನ್ನು ತೂರಿಸಿ ತಿರುಗಿಸುವ ಗಾಡಿಯಲ್ಲ ಅದು. ಕೀ ಜೇಬಿನಲ್ಲಿದ್ದರೆ ಸಾಕು, ಬಾಗಿಲಿನ ಹಿಡಿಯ ಮೇಲಿನ ಗುಂಡಿ ಮುಟ್ಟಿದರೆ ತೆಗೆದುಕೊಳ್ಳುತ್ತದೆ, ಒಳಗೆ ಇನ್ನೊಂದು ಗುಂಡಿ ಒತ್ತಿದರೆ ಇಂಜಿನ್ನು ಶುರುವಾಗುತ್ತದೆ.

ಮೊದಲ ಸಲ ಲಾಕ್ ಆಗಿದ್ದು ಹಾಸನದ ಆಸ್ಪತ್ರೆಯ ಮುಂದೆ. ತಾಯಿಯನ್ನು ಹಿಂದಿನ ಸೀಟಿನಲ್ಲಿ ಬಿಟ್ಟು ಚೀಟಿ ಮಾಡಿಸಲು ಹೋಗಿದ್ದ. ಬಂದು ನೋಡಿದರೆ ಬಾಗಿಲು ಬರಲಿಲ್ಲ. ಹಿಡಿ ಜಗ್ಗಿ ಜಗ್ಗಿ ಕೊನೆಗೆ ಹೇಗೋ ತೆಗೆದುಕೊಂಡಿತಂತೆ. ಎರಡನೆಯದು ಹೊಳೆನರಸೀಪುರದಲ್ಲಿ, ನೆಂಟರ ಮನೆಯ ಮುಂದೆ. ಮೂರನೆಯದು ಅರಕಲಗೂಡಿನಲ್ಲಿ ಅವನ ಅಂಗಡಿಯ ಎದುರಿಗೇ, ನೆತ್ತಿ ಸುಡುವ ಬಿಸಿಲಲ್ಲಿ. ಆ ಸಲ ಹೊರಗಿನಿಂದಲೂ ಬರಲಿಲ್ಲ, ಅವನು ಹೇಳಿದಂತೆ ಅವ್ವ ಒಳಗಿನ ಹಿಡಿ ಎಳೆದರೂ ಬರಲಿಲ್ಲ, ಕೀಯ ಮೇಲಿನ ಗುಂಡಿ ಒತ್ತಿದರೂ ಗಾಡಿ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಕಲ್ಲು ತಂದು ಗಾಜು ಒಡೆದಿದ್ದ.

"ಕೀ ಎಲ್ಲಿತ್ತು?" ಎಂದು ಕೇಳಿದೆ.

"ಗಾಡೀಲೇ ಇತ್ತು ಸಾ. ಯಾವಾಗ್ಲೂ ಗಾಡೀಲೇ ಇರ್ತದೆ."

ಎಲ್ಲರಂತೆ ಗೇರಿನ ಹತ್ತಿರದ ತಟ್ಟೆಯಲ್ಲಿ ಬಿಟ್ಟಿರುತ್ತಾನೆ ಎಂದುಕೊಂಡೆ.

"ಅವ್ವ ಕೂಗ್ಲಿಲ್ಲ ಸಾ," ಎಂದ. "ಗಾಜು ಬಡೀಲಿಲ್ಲ. ಬೆವ್ರು ಸುರೀತಿತ್ತು, ಸುಮ್ಕೆ ನನ್ ಮಕಾನೇ ನೋಡ್ತಾ ಕುಂತಿದ್ಲು. ಈಚ್ಗೆ ಎತ್ಕೊಂಡ್ ಮೇಲೆ ಒಂದೇ ಮಾತು ಅಂದ್ಲು. ಮೂರ್ ಸಲ ಕರ್ದದೆ ಕಣ್ಲಾ, ಇನ್ನು ನಾನು ಎಲ್ಲಿಗೂ ಬರಾಕಿಲ್ಲ ಅಂತ."

ಅಂದಿನಿಂದ ಆಕೆ ಹಾಸನಕ್ಕೆ ಬಂದಿರಲಿಲ್ಲ. ಈ ಗಾಡಿ ಬೇಡವಾದರೆ ಬಾಡಿಗೆ ಗಾಡಿ ಮಾಡುತ್ತೇನೆ ಎಂದರೆ, ಸಾವು ಕರೆಯುವುದಕ್ಕೆ ಯಾವ ಗಾಡಿಯಾದರೇನು ಅನ್ನುತ್ತಿದ್ದರಂತೆ. ಎರಡು ಸರದಿ ತಪ್ಪಿಹೋಗಿತ್ತು. ಕಾಲು ಊದಿಕೊಂಡಿತ್ತು. ಇನ್ನೂ ತಪ್ಪಿಸಿದರೆ ಶ್ವಾಸಕೋಶಕ್ಕೆ ನೀರು ತುಂಬುತ್ತದೆ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರು.

"ಏನಾಗದೆ ಅಂತ ಕಂಡಿಡ್ದು ನೀವೇ ಬಂದು ಅವ್ವಂಗೆ ಯೋಳ್ಬೇಕು ಸಾ," ಎಂದ. "ನಾನ್ ಯೋಳುದ್ರೆ ನಂಬಾಕಿಲ್ಲ."

ಕಾರನ್ನು ಬಿಟ್ಟು ಹೋಗಲು ಹೇಳಿದೆ. ಸ್ಕ್ಯಾನರ್ ಸಿಕ್ಕಿಸಿದರೆ ಒಂದು ತಪ್ಪನ್ನೂ ತೋರಿಸಲಿಲ್ಲ. ಕೀಯನ್ನು ತಟ್ಟೆಯಲ್ಲಿಟ್ಟು ನಾಲ್ಕು ಬಾಗಿಲನ್ನೂ ಹಾಕಿದೆ, ದೂರ ಹೋಗಿ ನಿಂತೆ, ಹತ್ತಿರ ಬಂದೆ. ಸಾಧು ಹಸುವಿನ ಹಾಗೆ ತೆಗೆದುಕೊಂಡಿತು. ಡ್ರೈವರ್ ಸೀಟಿನಲ್ಲಿ ನಾನೇ ಕೂತು ಬಾಗಿಲು ಹಾಕಿಕೊಂಡು ಕಾದೆ. ಏನೂ ಇಲ್ಲ. ಕನ್ನಡಿಯಲ್ಲಿ ಹಿಂದಿನ ಸೀಟು ಕಾಣುತ್ತಿತ್ತು, ಕವರಿನ ಮೇಲೆ ಒಂದೇ ಕಡೆ ಕೂತು ಕೂತು ತಗ್ಗು ಬಿದ್ದಿತ್ತು. ಅದನ್ನು ನೋಡಿಕೊಂಡು ಹೆಚ್ಚು ಹೊತ್ತು ಕೂರಲು ನನಗೆ ಮನಸ್ಸಾಗಲಿಲ್ಲ.

ಎದುರಿನ ಟೀ ಅಂಗಡಿಯವನು ವಿಷಯ ಕೇಳಿ, ಆ ಗಾಡಿಯಲ್ಲಿ ಯಾರೋ ಸತ್ತಿರಬೇಕು, ದೇವರ ಹತ್ತಿರ ಹೂ ಕೇಳಿಸಲಿ ಎಂದ. ಅದೇ ಸಂಜೆ ಆ ರೈತನ ಹೆಂಡತಿ ಫೋನ್ ಮಾಡಿದರು. "ರಿಪೇರಿ ಏನೂ ಬ್ಯಾಡಿ ಸಾ, ಗಿರಾಕಿ ಇದ್ರೆ ನೋಡಿ, ಕೊಟ್ಬುಡಾನ," ಎಂದರು. "ಆ ಗಾಡಿ ಅಟ್ಟೀಲಿ ನಿಂತಿದ್ರೆ ನಂಗೆ ನಿದ್ದೆ ಬರಾಕಿಲ್ಲ." ಟೀ ಅಂಗಡಿಯವನಿಗಾದರೆ ನಿನ್ನ ಕೆಲಸ ನೋಡಿಕೋ ಎಂದಿದ್ದೆ. ಆ ಹೆಂಗಸಿಗೆ ಇನ್ನೆರಡು ದಿನ ತಡೆಯಿರಿ ಎಂದೆ. ಸುಳ್ಳೇಕೆ, ಮಾರನೆಯ ದಿನ ಆ ಕಾರಿನ ಬಾಗಿಲು ತೆಗೆಯುವಾಗ ನನ್ನ ಕೈಯೂ ಒಂದು ಕ್ಷಣ ಹಿಂದೆ ಬಂತು.

ಆಮೇಲೆ ಮಾಡಿದ್ದನ್ನು ಮೊದಲೇ ಮಾಡಬೇಕಿತ್ತು. ಇಂಥ ಕಾರಿನಲ್ಲಿ ಒಂದಲ್ಲ, ಹತ್ತಾರು ಸಣ್ಣ ಕಂಪ್ಯೂಟರ್ ಡಬ್ಬಿಗಳಿರುತ್ತವೆ. ಕೀಯನ್ನು ಗುರುತಿಸುವುದು ಒಂದು ಡಬ್ಬಿ. ಬಾಗಿಲು ಹಾಕಿ ತೆಗೆಯುವುದು ಇನ್ನೊಂದು. ಕೇಳಿದರೆ ಪ್ರತಿ ಡಬ್ಬಿಯೂ ತನ್ನ ಸಾಫ್ಟ್‌ವೇರಿನ ನಂಬರನ್ನು ಹೇಳುತ್ತದೆ. ಸ್ಕ್ಯಾನರಿನಲ್ಲಿ ತಪ್ಪು ತೋರಿಸುವ ಪುಟ ಬಿಟ್ಟು ಈ ನಂಬರುಗಳ ಪುಟಕ್ಕೆ ಹೋದೆ. ಕೀ ಡಬ್ಬಿಯ ನಂಬರು ಈ ಕಾರಿನದೇ. ಬಾಗಿಲಿನ ಡಬ್ಬಿಯ ನಂಬರು ಇದರದಲ್ಲ, ಇದೇ ಕಾರಿನ ಟಾಪ್ ಮಾಡೆಲ್ಲಿನದು. ಯಾರೋ ಬದಲಾಯಿಸಿದ್ದರು. ಎರಡು ಡಬ್ಬಿಗಳೂ ಜಗಳವಾಡಿದ್ದರೆ ತಪ್ಪು ಕಾಣುತ್ತಿತ್ತು. ಅವು ಒಂದರ ಮಾತನ್ನು ಇನ್ನೊಂದು ಅರ್ಧ ಅರ್ಥ ಮಾಡಿಕೊಂಡು ಹೊಂದಿಕೊಂಡು ಹೋಗುತ್ತಿದ್ದವು. ಜಗಳವಾಡುವ ಮನೆಗಿಂತ ಇಂಥ ಮನೆಯೆಂದರೆ ನನಗೆ ಹೆಚ್ಚು ಭಯ.

ಚನ್ನರಾಯಪಟ್ಟಣಕ್ಕೆ ಹೋಗಿ ಕಾರಿನ ಹಳೆಯ ಮಾಲೀಕರನ್ನು ಕಂಡೆ. ಅವರ ಮನೆಯಲ್ಲಿ ಯಾರೂ ಸತ್ತಿರಲಿಲ್ಲ, ಎಲ್ಲರೂ ಗಟ್ಟಿಮುಟ್ಟಾಗಿ ಮಧ್ಯಾಹ್ನದ ಮುದ್ದೆ ಉಣ್ಣುತ್ತಿದ್ದರು. ಸತ್ತಿದ್ದು ಒಂದು ಇಲಿ. ಅದು ವೈರನ್ನು ಕಡಿದದ್ದರಿಂದ ಬಾಗಿಲಿನ ಡಬ್ಬಿ ಸುಟ್ಟುಹೋಗಿತ್ತಂತೆ, ಹೊಳೆನರಸೀಪುರದ ಮೆಕ್ಯಾನಿಕ್ ಒಬ್ಬ ಬೇರೆ ಡಬ್ಬಿ ಹಾಕಿಕೊಟ್ಟಿದ್ದ. ಅಲ್ಲಿಂದ ನೇರ ಹೊಳೆನರಸೀಪುರಕ್ಕೆ ಹೋದೆ. ಆ ಮೆಕ್ಯಾನಿಕ್ ಒಂದು ಕಾರಿನ ಕೆಳಗಿನಿಂದ ತಲೆ ಮಾತ್ರ ಹೊರಗೆ ಹಾಕಿ ಮಾತಾಡಿದ. ಆಕ್ಸಿಡೆಂಟ್ ಆಗಿದ್ದ ಟಾಪ್ ಮಾಡೆಲ್ ಕಾರೊಂದರಿಂದ ಬಿಚ್ಚಿ ಹಾಕಿದ್ದನಂತೆ.

"ನಂಬರ್ ನೋಡ್ಲಿಲ್ವೇನಯ್ಯ?"

"ಸಾಕೆಟ್ ಕರೆಕ್ಟಾಗಿ ಕುಂತ್ಕತು ಸಾ. ಗಾಡಿನೂ ಸ್ಟಾರ್ಟ್ ಆಯ್ತು. ಇನ್ನೇನು ನೋಡಾದು?"

ಬಾಯಿಗೆ ಬಂದದ್ದನ್ನು ಅಂದೆ. ಅವನು ತಲೆಯನ್ನು ಒಳಗೆ ಎಳೆದುಕೊಂಡ.

ಆದರೂ ಒಂದು ಗಂಟು ಬಿಚ್ಚಲಿಲ್ಲ. ಕೀ ಇಟ್ಟುಕೊಂಡವರು ಇಳಿದು ದೂರ ಹೋದರೆ ತಾನೇ ಲಾಕ್ ಆಗುವುದು ಟಾಪ್ ಮಾಡೆಲ್ಲಿನ ಗುಣ. ಅದರಲ್ಲಿ ಎರಡನೆಯ ಲಾಕ್ ಕೂಡ ಇದೆ. ಕಳ್ಳ ಗಾಜು ಒಡೆದು ಕೈ ಹಾಕಿದರೂ ಬಾಗಿಲು ಬರಬಾರದೆಂದು ಒಳಗಿನ ಹಿಡಿಯನ್ನೂ ಅದು ಕಟ್ಟಿಹಾಕುತ್ತದೆ. ಆದರೆ ಕೀ ಗಾಡಿಯೊಳಗೇ ಇದ್ದರೆ ಇದ್ಯಾವುದೂ ನಡೆಯಬಾರದು. ಕೀ ಗಾಡಿಯಲ್ಲೇ ಇರುತ್ತದೆ ಎಂದು ಅವನು ಹೇಳಿದ್ದ. ಹಾಗಿದ್ದ ಮೇಲೆ ಅವ್ವ ಒಳಗಿದ್ದಾಗ ಮಾತ್ರ ಲಾಕ್ ಆಗುವುದೇಕೆ?

ಮಾರನೆಯ ದಿನ ಅವನನ್ನು ಕರೆಸಿ ಕಾರು ಒಪ್ಪಿಸಿದೆ. ಅವನು ಮುಂದೆ, ನಾನು ನನ್ನ ಗಾಡಿಯಲ್ಲಿ ಹಿಂದೆ, ಅರಕಲಗೂಡು ದಾಟಿ ಅವನ ಊರಿಗೆ ಹೋದೆವು. ಹೊಗೆಸೊಪ್ಪಿನ ಸಸಿ ಮಡಿಗಳಿಗೆ ಹುಲ್ಲು ಹೊದಿಸಿದ್ದರು. ಎಲೆ ಬೇಯಿಸುವ ಬ್ಯಾರನ್ನಿನ ಬಾಗಿಲು ಮುಚ್ಚಿತ್ತು. ಬಿಸಿಲಿಗೆ ಒಂದು ನರಪಿಳ್ಳೆಯೂ ಹೊರಗಿರಲಿಲ್ಲ. ಅವ್ವ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಪಾದ ಎರಡೂ ಊದಿ ಹೊಳೆಯುತ್ತಿದ್ದವು. ಮಾತಾಡಿಸಿದರೆ ಉತ್ತರ ಕೊಡಲು ಉಸಿರು ಸಾಲುತ್ತಿರಲಿಲ್ಲ.

ಆಗ ನಾನು ಅದನ್ನು ನೋಡಿದೆ. ಮಗ ಕಾರಿನಿಂದ ಇಳಿದು ಜಗಲಿ ಹತ್ತುವಾಗ, ನನ್ನ ಹತ್ತಿರ ಏನೋ ಮಾತಾಡುತ್ತಲೇ ಕೀಯನ್ನು ಪಕ್ಕಕ್ಕೆ ಚಾಚಿದ. ಅವ್ವ ಅವನ ಕಡೆ ನೋಡದೆಯೇ ಕೈಯೊಡ್ಡಿ ತೆಗೆದುಕೊಂಡು ಸೊಂಟದ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆ ಮನೆಯಲ್ಲಿ ಕೀ ಇರುವ ಜಾಗವೇ ಅದು. ಬ್ಯಾರನ್ನಿನದು, ಬೀರುವಿನದು, ಅಂಗಡಿಯದು, ಎಲ್ಲವೂ ಅದರೊಳಗೇ ಇದ್ದವು.

"ಗಾಡೀಲಿ ಓಗುವಾಗ್ಲೂ ಹಿಂಗೇನಾ?" ಎಂದೆ.

"ಹೂಂ ಸಾ. ಗಾಡಿ ನಿಲ್ಸಿ ಇಳೀವಾಗ ಅವ್ವಂಗೆ ಕೊಟ್ಟಿರ್ತೀನಿ."

"ಮತ್ತೆ ಕೀ ಗಾಡೀಲಿ ಇರ್ತದೆ ಅಂದ್ರಲ್ಲ?"

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ಅವ್ವ ಗಾಡೀಲೇ ತಾನೆ ಸಾ ಇರಾದು?"

ಅವನು ಸುಳ್ಳು ಹೇಳಿರಲಿಲ್ಲ. ಅವನಿಗೆ ತಾಯಿಗೆ ಕೀ ಕೊಡುವುದೆಂದರೆ ಯಾರಿಗೋ ಕೊಡುವುದಲ್ಲ, ಮೊಳೆಗೆ ನೇತುಹಾಕಿದ ಹಾಗೆ.

ಚೀಲವನ್ನು ಕೇಳಿ ಪಡೆದೆ. ಕೊಡಲು ಅವ್ವನಿಗೆ ಇಷ್ಟವಿರಲಿಲ್ಲ. ಒಳಗೆ ಕೀಗೊಂಚಲು, ಅಡಿಕೆ ಕತ್ತರಿ, ಸುಣ್ಣದ ತಗಡಿನ ಡಬ್ಬಿ. ಇಂಥ ಕಾರಿನ ಕೀಯೊಳಗೆ, ಬ್ಯಾಟರಿ ಸತ್ತರೆ ಇರಲಿ ಎಂದು, ಒಂದು ಸಣ್ಣ ಲೋಹದ ಬೀಗದ ಕೈ ಅಡಗಿಸಿಟ್ಟಿರುತ್ತಾರೆ. ಅದನ್ನು ಎಳೆದು ಮಗನ ಕೈಗೆ ಕೊಟ್ಟು, ನಾನು ಕೈ ಎತ್ತಿದಾಗ ಮುಂದಿನ ಬಾಗಿಲು ತೆಗಿ ಎಂದೆ. ಒಡೆದ ಗಾಜಿನ ಜಾಗಕ್ಕೆ ನಾನೇ ಹೊಸ ಗಾಜು ಹಾಕಿಸಿದ್ದೆ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ, ಆ ತಗ್ಗಿನಲ್ಲೇ ಕೂತೆ. ಬಾಗಿಲು ಹಾಕಿಸಿ ಎಲ್ಲರಿಗೂ ಜಗಲಿಗೆ ಹೋಗಲು ಹೇಳಿದೆ.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನಾಲ್ಕು ಬಾಗಿಲಿನಲ್ಲೂ ಒಟ್ಟಿಗೆ ಟಕ್ ಎಂದಿತು. ಅದರ ಹಿಂದೆಯೇ ಇನ್ನೊಂದು, ಮೆತ್ತಗೆ. ಹಿಡಿ ಎಳೆದೆ. ಸತ್ತ ಕೈ ಹಿಡಿದು ಎಳೆದ ಹಾಗಿತ್ತು. ಕೀಯ ಗುಂಡಿ ಒತ್ತಿದೆ. ಏನೂ ಆಗಲಿಲ್ಲ.

ಕಾರಣ ಆಗ ಬಿಸಿಲಿನಷ್ಟೇ ನಿಚ್ಚಳವಾಯಿತು. ಕೀ ಒಳಗಿದೆಯೇ ಎಂದು ನೋಡಲು ಟಾಪ್ ಮಾಡೆಲ್ಲಿನಲ್ಲಿ ಮುಂದೆಯೂ ಹಿಂದೆಯೂ ಆಂಟೆನಾ ಇರುತ್ತವೆ. ಈ ಕಾರಿನಲ್ಲಿ ಇರುವುದು ಮುಂದೆ ಮಾತ್ರ. ಕೀ ಹಿಂದಿನ ಸೀಟಿನಲ್ಲಿ, ಅದೂ ತಗಡಿನ ಡಬ್ಬಿಯ ಮರೆಯಲ್ಲಿದ್ದರೆ ಗಾಡಿಗೆ ಸಿಗುವುದಿಲ್ಲ. ಕೀ ಹೊರಟುಹೋಯಿತು, ಒಳಗೆ ಯಾರೂ ಇಲ್ಲ ಎಂದುಕೊಂಡು ಎರಡು ಬೀಗ ಜಡಿಯುತ್ತದೆ, ಆಮೇಲೆ ಒಳಗಿನಿಂದ ಒತ್ತಿದ ಕೀ ಗುಂಡಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಷ್ಟು ಗೊತ್ತಾದ ಮೇಲೆ ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಗಾಳಿ ಬಿಸಿಯಾಗುತ್ತಿತ್ತು, ಬೆವರು ಕಣ್ಣಿಗೆ ಇಳಿಯಿತು. ಕೈ ಎತ್ತಿದೆ.

ಯಾರೂ ಬಾಗಿಲು ತೆಗೆಯಲಿಲ್ಲ. ಮಗ ಜೇಬು ತಡಕುತ್ತಿದ್ದ. ಆಮೇಲೆ ಅವನು ತಾಯಿಯ ಕಡೆ ತಿರುಗಿದ. ಜಗಲಿ ಹತ್ತುವಾಗ ಅಭ್ಯಾಸಬಲದಿಂದ ಆ ಲೋಹದ ಬೀಗದ ಕೈಯನ್ನೂ ಆಕೆಗೇ ಕೊಟ್ಟುಬಿಟ್ಟಿದ್ದ. ಅವ್ವ ಎದ್ದು, ಗೋಡೆ ಹಿಡಿದುಕೊಂಡು ಇಳಿದು, ಒಂದೊಂದೇ ಹೆಜ್ಜೆ ಇಟ್ಟು ಕಾರಿನ ಹತ್ತಿರ ಬಂದರು. ಅದನ್ನು ಮುಷ್ಟಿಯಲ್ಲಿ ಹಿಡಿದು ಗಾಜಿಗೆ ಮುಖ ತಂದು ನನ್ನನ್ನು ನೋಡುತ್ತಾ ನಿಂತರು. ತೆಗೆಯಿರಿ ಎಂದು ಕೂಗಿದೆ. ಗಾಜು ಬಡಿದೆ. ಆಕೆ ನೋಡುತ್ತಲೇ ಇದ್ದರು. ಮಗ ಬಂದು ಬೆರಳು ಬಿಡಿಸಿ ತೆಗೆದುಕೊಂಡು ಬಾಗಿಲು ತೆಗೆಯುವಷ್ಟರಲ್ಲಿ ನನ್ನ ಅಂಗಿ ಮೈಗೆ ಅಂಟಿತ್ತು. ನಾನು ಹೆದರಿದ್ದೆ. ಅದನ್ನು ಮುಚ್ಚಿಟ್ಟು ಆಗಬೇಕಾದ್ದೇನೂ ಇಲ್ಲ.

"ತಪ್ಪು ತಿಳೀಬ್ಯಾಡ ಕಣಪ್ಪ," ಎಂದರು ಅವ್ವ. "ಒಳಗಿದ್ರೆ ಎಂಗ್ ಕಾಣ್ತದೆ ಅಂತ ನೋಡ್ತಿದ್ದೆ. ನಿನ್ನೂ ಕರೀತಲ್ಲ."

ಜಗಲಿಯ ಮೇಲೆ ಅವರ ಪಕ್ಕದಲ್ಲೇ ಕೂತೆ. ಸೊಸೆ ನೀರು ತಂದುಕೊಟ್ಟು ಬಾಗಿಲಲ್ಲಿ ನಿಂತರು. "ಕರೆಯೋದಲ್ಲ ಕಣವ್ವ," ಎಂದೆ. "ಯಾವನೋ ಬೇರೆ ಗಾಡಿ ತಲೆ ತಂದು ಇದಕ್ಕೆ ಇಟ್ಟವ್ನೆ. ಈ ಗಾಡಿಗೆ ಹಿಂದ್ಗಡೆ ಕಣ್ಣಿಲ್ಲ, ಅದು ಆ ತಲೆಗೆ ಗೊತ್ತಿಲ್ಲ. ಕೀ ನಿಮ್ ಚೀಲದಲ್ಲಿದ್ರೆ, ನೀವು ಹಿಂದೆ ಕೂತಿದ್ರೆ, ಅದಕ್ಕೆ ಗೊತ್ತಾಗಲ್ಲ. ಯಾರೂ ಇಲ್ಲ ಅಂದ್ಕೊಂಡು ಬೀಗ ಹಾಕ್ತದೆ, ಅಷ್ಟೆ."

ಧೈರ್ಯ ಬರಲಿ ಎಂದು ಹೇಳಿದ್ದೆ. ಆಕೆಯ ಮುಖ ಇನ್ನಷ್ಟು ಇಳಿದುಹೋಯಿತು.

"ಯಾರೂ ಇಲ್ಲ ಅಂತ್ಲಾ?" ಎಂದರು. ಉಸಿರು ಎಳೆದುಕೊಂಡು ಮತ್ತೆ, "ಕರೀತದೆ ಅಂದ್ಕಂಡಿದ್ದೆ ಕಣಪ್ಪ. ಅದೇ ವಾಸಿ ಇತ್ತು."

ಮಗನಿಗೆ ಇದ್ಯಾವುದೂ ಕಿವಿಗೆ ಬೀಳಲಿಲ್ಲ. ಅವನು ಎದೆಯ ಮೇಲಿನ ಕಲ್ಲು ಇಳಿಸಿದವನಂತೆ ಹಗುರಾಗಿಬಿಟ್ಟಿದ್ದ. "ಅಷ್ಟೇನಾ ಸಾ? ಅಂಗಾರೆ ಕೀ ನನ್ ಜೇಬಲ್ಲೇ ಇಟ್ಕಂಡ್ರಾಯ್ತು. ಕೊಡವ್ವ ಇತ್ತಗೆ," ಎಂದು ಕೈ ಚಾಚಿದ.

ಅವನು ಹೇಳಿದ್ದು ಸರಿಯೇ. ಬೇರೆ ಯಾವ ಮನೆಯಲ್ಲಾದರೂ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಅವ್ವ ಚೀಲವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತಾ ಕೂತರು. ಸೊಸೆ ಬಾಗಿಲಿನಿಂದ ಒಳಗೆ ಸರಿದರು. ಮಗನ ಕೈ ಗಾಳಿಯಲ್ಲೇ ಇತ್ತು, ಏನೋ ತಪ್ಪಾಗಿದೆ ಎಂದು ಅವನಿಗೆ ನಿಧಾನವಾಗಿ ತಿಳಿಯುತ್ತಾ ಬಂತು. ನನಗೆ ಆ ಹೊಳೆನರಸೀಪುರದವನ ಮೇಲೆ, ಆ ಇಲಿಯ ಮೇಲೆ, ಕೂತವರು ಮನುಷ್ಯರೋ ಗಾಳಿಯೋ ಎಂದು ನೋಡದ ಗಾಡಿ ಮಾಡಿದವರ ಮೇಲೆ, ಎಲ್ಲರ ಮೇಲೂ ಕೋಪ ಬಂತು. ಈ ಹೆಂಗಸು ಇವತ್ತು ಹೊರಡದಿದ್ದರೆ ಇನ್ನು ಹೊರಡುವುದಿಲ್ಲ ಎಂದು ನನಗೆ ಖಂಡಿತ ಅನ್ನಿಸಿತು.

"ಮುಂದ್ಗಡೆ ಕಣ್ಣದಾ ಅದಕ್ಕೆ?" ಎಂದು ಅವ್ವ ಕೇಳಿದರು.

"ಅದೆ ಕಣವ್ವ."

"ಮುಂದೆ ಕುಂತ್ರೆ ಕಾಣ್ತೀನಾ?"

"ಕಾಣ್ತೀರಿ. ಕೀ ನಿಮ್ಮ ಹತ್ರಾನೇ ಇದ್ರೂ ಕಾಣ್ತೀರಿ. ಸುಣ್ಣದ ಡಬ್ಬಿ ಮಾತ್ರ ಬೇರೆ ಕಡೆ ಇಟ್ಕೊಳಿ."

ಅವ್ವ ಸುಣ್ಣದ ಡಬ್ಬಿ ತೆಗೆದು ಸೊಸೆಯನ್ನು ಕರೆದು ಕೊಟ್ಟರು. ಕಾರಿನ ಹತ್ತಿರ ಹೋಗಿ ಮುಂದಿನ ಎಡಬಾಗಿಲ ಪಕ್ಕ ನಿಂತರು. ಮುಂದಿನ ಸೀಟು ಆ ಮನೆಯಲ್ಲಿ ಗಂಡಸರದು. ಭಾವ ಮೈದುನರು, ಬಂದ ನೆಂಟರು, ಕೊನೆಗೆ ಶಾಲೆಗೆ ಹೋಗುವ ಮೊಮ್ಮಗ ಕೂಡ ಅಲ್ಲಿ ಕೂರುತ್ತಿದ್ದ, ಆಕೆ ಒಮ್ಮೆಯೂ ಕೂತವರಲ್ಲ. "ಹಿಂದ್ಗಡೆ ಕಾಲ್ ಚಾಚ್ಕಂಡು ಆರಾಮಾಗಿ ಕೂರ್ಬೌದಲ್ಲವ್ವ," ಎಂದು ಮಗ ರಾಗ ಎಳೆದ. ಅವ್ವ ಬಿಸಿಲಲ್ಲಿ ನಿಂತೇ ಇದ್ದರು. ಅವನು ಬಾಗಿಲು ತೆಗೆದ.

ಹಾಸನದವರೆಗೂ ಅವರ ಹಿಂದೆಯೇ ಬಂದು, ಆಸ್ಪತ್ರೆಯ ಮುಂದೆ ನನ್ನ ಗಾಡಿ ನಿಲ್ಲಿಸಿಕೊಂಡು ದೂರದಿಂದ ನೋಡಿದೆ. ಮಗ ಕೀಯನ್ನು ತಾಯಿಗೆ ಕೊಟ್ಟು ಇಳಿದು ಒಳಗೆ ಹೋದ. ನಾನು ಆ ಟಕ್ ಶಬ್ದಕ್ಕಾಗಿ ಕಿವಿಗೊಟ್ಟು ನಿಂತೆ. ಬರಲಿಲ್ಲ. ಅವ್ವ ತಾವಾಗಿ ಒಳಗಿನ ಹಿಡಿ ಎಳೆದು ಬಾಗಿಲು ತೆಗೆದರು, ಹಾಕಿದರು, ಮತ್ತೆ ತೆಗೆದರು. ಕರೆದೊಯ್ಯಲು ಬಂದ ನರ್ಸು ಅವರ ಕಾಲಿನ ಮೇಲೆ ಬೆರಳು ಒತ್ತಿ ನೋಡಿದಳು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. ಇಷ್ಟು ದಿನ ಎಲ್ಲಿ ಹೋಗಿದ್ದಿರಿ ಎಂದು ಬೈದಳು.

ಸರಿಯಾದ ಡಬ್ಬಿ ಬೆಂಗಳೂರಿನಿಂದ ಬರಲು ಸಮಯ ಹಿಡಿಯಿತು. ಬಂದ ಮೇಲೆ ಹಾಕಿ, ನಂಬರು ತಾಳೆ ನೋಡಿ, ಹಿಂದಿನ ಸೀಟಿನಲ್ಲಿ ಮತ್ತೊಮ್ಮೆ ಕೂತು ಪರೀಕ್ಷಿಸಿ ಕೊಟ್ಟೆ. ಅವ್ವ ಆಮೇಲೂ ಮುಂದೆಯೇ ಕೂರುತ್ತಿದ್ದರು. ಆಸ್ಪತ್ರೆಗೆ ಬಂದ ದಿನ ಒಮ್ಮೊಮ್ಮೆ ಕಾರು ನನ್ನ ಅಂಗಡಿಯ ಮುಂದೆ ಹಾದುಹೋಗುತ್ತಿತ್ತು. ಎಡಗಡೆಯ ಗಾಜಿನಲ್ಲಿ ಅವರ ತಲೆ ಕಾಣುತ್ತಿತ್ತು. ಮಳೆಗಾಲ ಕಳೆದು ಹೊಗೆಸೊಪ್ಪು ಹರಾಜಿಗೆ ಹೋಗುವ ಕಾಲದಲ್ಲಿ ಅದು ಹಾದುಹೋಗುವುದು ನಿಂತಿತು. ಬೇರೆ ದಾರಿಯಲ್ಲಿ ಹೋಗುತ್ತಿರಬೇಕು ಎಂದುಕೊಂಡೆ.

ಒಂದು ಮಧ್ಯಾಹ್ನ ಸೊಸೆ ಫೋನ್ ಮಾಡಿದರು.

"ಒಂದು ಕೇಳ್ಬೇಕಿತ್ತು ಸಾ. ಕೀ ಈಗ ನನ್ನತ್ರ ಅದೆ. ನಾನು ಹಿಂದ್ಗಡೆ ಕುಂತ್ರೆ ಏನೂ ಆಗಾಕಿಲ್ವಾ?"

ಆ ಮನೆಯಲ್ಲಿ ಕೀ ಸೊಸೆಯ ಕೈಗೆ ಬರಲು ಇದ್ದದ್ದು ಒಂದೇ ದಾರಿ. ಆದರೂ ಅವ್ವ ಹೇಗಿದ್ದಾರೆ ಎಂದು ಕೇಳಿದೆ.

"ಮೊನ್ನೆ ತಿಥಿ ಆಯ್ತು ಸಾ," ಎಂದರು.

ಡಬ್ಬಿ ಬದಲಾಯಿಸಿದ್ದೇನೆ, ಹಿಂದೆ ಕೂತರೂ ಏನೂ ಆಗುವುದಿಲ್ಲ, ಧೈರ್ಯವಾಗಿರಿ ತಾಯಿ ಎಂದೆ. ಆ ಕಡೆ ಯಾರೋ ಗಾಡಿ ಸ್ಟಾರ್ಟ್ ಮಾಡಿಕೊಂಡು ಕಾಯುತ್ತಿರುವ ಶಬ್ದ ಕೇಳಿಸುತ್ತಿತ್ತು.

"ಆಗ್ದೆ ಇದ್ರೂ ನಾನು ಮುಂದೇನೇ ಕುಂತ್ಕತೀನಿ ಬುಡಿ ಸಾ," ಎಂದು ಫೋನ್ ಇಟ್ಟರು.